ಕಲಬುರಗಿಯಿಂದ ಚರ್ಚಿಲ್‌ವರೆಗೆ: ಹಿಮಕರಡಿ ನೋಡಲು ಹೊರಟವರಿಗೆ ಒಂದು ಸಮಗ್ರ ಮಾರ್ಗದರ್ಶಿ

"ಕರಡಿ ನೋಡ್ಲಾಕ ಅಷ್ಟು ದೂರ ಯಾಕ ಹೊಂಟೀ? ದರೋಜಿಯೊಳಗ ಕರಡಿ ಇಲ್ಲೇನು?" ಎಂದು ಅವ್ವ ಕೇಳಿದ್ದಳು. ದರೋಜಿಯಲ್ಲಿ ಕರಡಿ ಇವೆ, ನಾನು ಎರಡು ಸಲ ನೋಡಿ ಬಂದಿದ್ದೇನೆ. ಆದರೆ ಕಡಲು ಹೆಪ್ಪುಗಟ್ಟುವುದನ್ನೇ ಕಾಯುತ್ತ ದಂಡೆಯ ಮೇಲೆ ಹಸಿದು ಕೂತ ಬಿಳಿ ಕರಡಿಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದ ದಿನಗಳಿಂದಲೂ ಇತ್ತು. ನಿವೃತ್ತಿಯ ದುಡ್ಡಿನಲ್ಲಿ ಒಂದು ಪಾಲು ಅದಕ್ಕೆಂದೇ ತೆಗೆದಿಟ್ಟೆ. ತಂಗಿಯ ಮಗಳ ಜೊತೆ ಹೋಗಿ ಬಂದೆ.

ಬಂದ ಮೇಲೆ ಓಣಿಯವರಿಂದ ಹಿಡಿದು ಹಳೆಯ ವಿದ್ಯಾರ್ಥಿಗಳವರೆಗೆ ಎಲ್ಲರೂ ಕೇಳುವುದು ಅವೇ ಪ್ರಶ್ನೆ. ಎಷ್ಟು ಖರ್ಚಾಯ್ತು, ವೀಸಾ ಹೇಗೆ ಸಿಕ್ತು, ಥಂಡಿ ತಡೆಯಲಾಯ್ತಾ, ಕರಡಿ ಮೈಮೇಲೆ ಬರಲಿಲ್ವಾ? ಅದಕ್ಕೇ ಮೊದಲಿನಿಂದ ಕೊನೆವರೆಗೆ ಇಲ್ಲಿ ಬರೆದಿದ್ದೇನೆ. ದುಡ್ಡು, ವೀಸಾ, ಥಂಡಿ ಎಲ್ಲವನ್ನೂ ಹೇಗೋ ದಾಟಬಹುದು. ಈ ಪ್ರವಾಸ ಕೈಗೂಡುವುದು ಎರಡರ ಮೇಲೆ: ನಿಮಗೆ ಎಂಥ ಗೈಡ್ ಸಿಗುತ್ತಾರೆ, ಮತ್ತು ನೀವು ಎಷ್ಟು ಹೊತ್ತು ಸುಮ್ಮನೆ ಕೂರಬಲ್ಲಿರಿ.

ಎಲ್ಲಿ, ಯಾವಾಗ

ಮೃಗಾಲಯದ ಹೊರಗೆ ಹಿಮಕರಡಿ ಇರುವುದು ಐದೇ ದೇಶಗಳ ನೆಲದಲ್ಲಿ: ಕೆನಡಾ, ಅಮೆರಿಕದ ಅಲಾಸ್ಕಾ, ರಷ್ಯಾ, ನಾರ್ವೆ, ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್. ಲೋಕದಲ್ಲಿರುವ ಒಟ್ಟು ಕರಡಿ ಸುಮಾರು 26,000 ಎಂಬ ಅಂದಾಜಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲು ಕೆನಡಾದಲ್ಲೇ. ಸಾಮಾನ್ಯ ಪ್ರವಾಸಿಗರ ಮುಂದೆ ನಿಜವಾಗಿ ಇರುವ ದಾರಿ ಎರಡು: ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳು, ಕೆನಡಾದ ಚರ್ಚಿಲ್.

ಸ್ವಾಲ್ಬಾರ್ಡಿನಲ್ಲಿ ಬೇಸಿಗೆಯಲ್ಲಿ ಹಡಗಿನಲ್ಲಿ ಸುತ್ತುತ್ತಾರೆ. ನಮ್ಮ ದೇಶದ 'ಹಿಮಾದ್ರಿ' ಸಂಶೋಧನಾ ಕೇಂದ್ರ 2008ರಿಂದ ಇರುವುದೂ ಅಲ್ಲೇ. ಹಿಮನದಿ, ವಾಲ್ರಸ್, ಲಕ್ಷಗಟ್ಟಲೆ ಹಕ್ಕಿ, ಎಲ್ಲ ಚೆಂದ. ಆದರೆ ಕರಡಿಯೊಂದೇ ನಿಮ್ಮ ಗುರಿಯಾಗಿದ್ದರೆ ಒಂದು ವಿಷಯ ತಿಳಿದಿರಲಿ. 2025ರ ಜನವರಿಯಿಂದ ಅಲ್ಲಿ ಕರಡಿಯಿಂದ ಕನಿಷ್ಠ 300 ಮೀಟರ್ ದೂರ ಇರಲೇಬೇಕು, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್. ಒಳ್ಳೆಯ ಕಾನೂನು, ನಾನು ಅದರ ಪರ. ಆದರೆ ಅಷ್ಟು ದೂರದಿಂದ ಬರಿಗಣ್ಣಿಗೆ ಕಾಣುವುದು ಒಂದು ಚುಕ್ಕೆಯಷ್ಟೇ. ಜೊತೆಗೆ ಸ್ವಾಲ್ಬಾರ್ಡಿಗೆ ವೀಸಾ ಬೇಡವಾದರೂ ಸಾಮಾನ್ಯವಾಗಿ ನಾರ್ವೆಯ ಮುಖ್ಯ ನೆಲದ ಮೂಲಕ ಹೋಗಿ ಬರಬೇಕಾದ್ದರಿಂದ ಎರಡು ಸಲ ಒಳಹೋಗಲು ಬಿಡುವ, ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಬೇಕಾಗುತ್ತದೆ.

ನಾನು ಆರಿಸಿದ್ದು ಚರ್ಚಿಲ್. ಮ್ಯಾನಿಟೋಬಾ ಪ್ರಾಂತ್ಯದಲ್ಲಿ, ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯ ಮೇಲೆ, ಒಂಬೈನೂರು ಜನವೂ ಇಲ್ಲದ ಊರು. ಇದು ಉತ್ತರ ಧ್ರುವವೃತ್ತದ ಒಳಗೂ ಇಲ್ಲ. ಹಾಗಿದ್ದರೂ ಇಲ್ಲಿಗೆ ಕರಡಿ ಬರುವುದಕ್ಕೆ ಕಾರಣವಿದೆ. ಹಿಮಕರಡಿಯ ಹೊಟ್ಟೆ ತುಂಬುವುದು ಸೀಲ್ ಎಂಬ ಕಡಲಪ್ರಾಣಿಯಿಂದ, ಸೀಲ್ ಹಿಡಿಯಲು ಅದಕ್ಕೆ ಕಾಲೂರಿ ನಿಲ್ಲುವ ಕಡಲ ಮಂಜುಗಡ್ಡೆ ಬೇಕು. ಬೇಸಿಗೆಯಲ್ಲಿ ಕೊಲ್ಲಿಯ ಮಂಜು ಪೂರ್ತಿ ಕರಗುತ್ತದೆ, ಕರಡಿಗಳು ದಂಡೆಗೆ ಬಂದು ತಿಂಗಳುಗಟ್ಟಲೆ ಹೆಚ್ಚುಕಡಿಮೆ ಉಪವಾಸ ಇರುತ್ತವೆ. ಚರ್ಚಿಲ್ ನದಿಯ ಸಿಹಿನೀರು ಕಡಲಿಗೆ ಸೇರುವ ಕಡೆ ನೀರು ಬೇಗ ಹೆಪ್ಪುಗಟ್ಟುತ್ತದೆ, ವಾಯವ್ಯದ ಗಾಳಿ ಗಡ್ಡೆಗಳನ್ನು ಅದೇ ದಂಡೆಗೆ ತಂದು ಒತ್ತುತ್ತದೆ. ಅದು ಕರಡಿಗಳಿಗೆ ಗೊತ್ತು. ಹಾಗಾಗಿ ಅಕ್ಟೋಬರ್ ನಡುವಿನಿಂದ ಅಲ್ಲಿ ಬಂದು ಕಾಯುತ್ತವೆ. ನವೆಂಬರಿನ ಕೊನೆಯ ಹೊತ್ತಿಗೆ ಕೊಲ್ಲಿ ಹೆಪ್ಪುಗಟ್ಟಿದರೆ ಎರಡು ಮೂರು ದಿನದಲ್ಲೇ ದಂಡೆ ಖಾಲಿಯಾಗುತ್ತದೆ.

ಆದ್ದರಿಂದ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಎರಡನೇ ವಾರದ ಕೊನೆಯೊಳಗೆ ನಿಮ್ಮ ದಿನಗಳು ಬೀಳಲಿ. ಹಿಮ ಬಿದ್ದ ನೆಲದ ಮೇಲೆ ಕರಡಿ ಬೇಕೆಂದರೆ ನವೆಂಬರ್ ವಾಸಿ. ಜುಲೈ, ಆಗಸ್ಟಿನಲ್ಲೂ ಕರಡಿ ಕಾಣಬಹುದು, ಆದರೆ ಕಡಿಮೆ. ಆಗಿನ ದೊಡ್ಡ ಆಕರ್ಷಣೆ ನದಿಯ ಬಾಯಿಗೆ ಸಾವಿರಾರು ಸಂಖ್ಯೆಯಲ್ಲಿ ಬರುವ ಬಿಳಿ ಬೆಲೂಗಾ ತಿಮಿಂಗಿಲಗಳು. ಮರಿಗಳು ಗುಹೆ ಬಿಟ್ಟು ಹೊರಬರುವುದನ್ನು ನೋಡಲು ಫೆಬ್ರವರಿ, ಮಾರ್ಚಿನಲ್ಲಿ ವಾಪುಸ್ಕ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಪ್ರವಾಸಗಳೂ ಉಂಟು. ಅಲ್ಲಿನ ಮೂಲನಿವಾಸಿಗಳ ಕ್ರೀ ಭಾಷೆಯಲ್ಲಿ ವಾಪುಸ್ಕ್ ಎಂದರೇ ಬಿಳಿ ಕರಡಿ. ಆ ಥಂಡಿ ಮೊದಲ ಸಲ ಹೋಗುವವರಿಗಲ್ಲ.

ಯಾರ ಜೊತೆ

ಇದರಲ್ಲಿ ನಾನೇ ಮೋಸ ಹೋದೆ, ಅದನ್ನೂ ಹೇಳಿಬಿಡುತ್ತೇನೆ. ಮೊದಲು ಮಹಾನಗರವೊಂದರ ಏಜೆಂಟ್ ಒಬ್ಬರಿಗೆ 25,000 ರೂಪಾಯಿ ಮುಂಗಡ ಕೊಟ್ಟಿದ್ದೆ. "ಹತ್ತು ಅಡಿಯಿಂದ ಫೋಟೋ ಗ್ಯಾರಂಟಿ ಮೇಡಂ" ಎಂದಿದ್ದರು. ಗಾಡಿ ಯಾರದು, ಗೈಡ್ ಯಾರು, ಹೋಟೆಲ್ ಬುಕ್ ಆಗಿದೆಯಾ ಎಂದು ಬರಹದಲ್ಲಿ ಕೇಳಿದಾಗ ಉತ್ತರ ಬರಲಿಲ್ಲ. ಮುಂಗಡವೂ ವಾಪಸ್ ಬರಲಿಲ್ಲ. ಕಾಡುಪ್ರಾಣಿಯ ವಿಷಯದಲ್ಲಿ ಗ್ಯಾರಂಟಿ ಎನ್ನುವವರನ್ನು ಅಲ್ಲೇ ಬಿಟ್ಟು ಎದ್ದು ಬನ್ನಿ.

ಚರ್ಚಿಲ್‌ನಲ್ಲಿ ಟಂಡ್ರಾದೊಳಗೆ, ಅಂದರೆ ಮರ ಬೆಳೆಯದ ಥಂಡಿ ಬಯಲಿನೊಳಗೆ, ಪ್ರವಾಸಿಗರ ದೊಡ್ಡ ಗಾಡಿ ಓಡಿಸಲು ಸರ್ಕಾರದ ಪರವಾನಗಿ ಬೇಕು. ಹಿಂದೆ ಅಲ್ಲಿ ಸೈನ್ಯದ ನೆಲೆ ಇದ್ದಾಗ ಬಿದ್ದ ಹಳೆಯ ಜಾಡುಗಳನ್ನು ಬಿಟ್ಟು ಆ ಗಾಡಿಗಳು ಆಚೀಚೆ ಇಳಿಯುವಂತಿಲ್ಲ. ಪರವಾನಗಿ ಇರುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಫ್ರಾಂಟಿಯರ್ಸ್ ನಾರ್ತ್, ಗ್ರೇಟ್ ವೈಟ್ ಬೇರ್ ಎಂಬ ಹೆಸರು ಮೇಲಿಂದ ಮೇಲೆ ಕಿವಿಗೆ ಬೀಳುತ್ತವೆ. ನಡುವೆ ಯಾವ ಏಜೆಂಟ್ ಇದ್ದರೂ ಕೊನೆಗೆ ನೀವು ಹತ್ತುವ ಗಾಡಿ ಯಾರದು ಎಂದು ಕೇಳಿ ತಿಳಿದುಕೊಳ್ಳಿ, ಸಾಧ್ಯವಾದರೆ ನೇರವಾಗಿ ಅವರಿಗೇ ಬರೆಯಿರಿ. ಒಂದು ಗಾಡಿಯಲ್ಲಿ ಎಷ್ಟು ಜನ? ಗೈಡ್ ಬೇರೆ, ಚಾಲಕ ಬೇರೆಯಾ, ಇಬ್ಬರೂ ಒಬ್ಬರೇನಾ? ಟಂಡ್ರಾದಲ್ಲಿ ಎಷ್ಟು ಪೂರ್ತಿ ದಿನ? ಹವಾಮಾನ ಕೆಟ್ಟು ವಿಮಾನ ನಿಂತರೆ ಆ ದಿನದ ಖರ್ಚು ಯಾರ ಮೇಲೆ? ಕರಡಿ ಗಾಡಿಯ ಹತ್ತಿರ ಬಂದರೆ ನಿಮ್ಮವರು ಏನು ಮಾಡುತ್ತಾರೆ? ಈ ಕೊನೆಯ ಪ್ರಶ್ನೆಗೆ "ಎಂಜಿನ್ ಆಫ್ ಮಾಡಿ ಸುಮ್ಮನಿರುತ್ತೇವೆ, ಅದು ಹೋಗುವವರೆಗೂ ಕದಲುವುದಿಲ್ಲ" ಎಂಬ ಉತ್ತರ ಬಂತು. ನಾನು ಅವರಿಗೇ ದುಡ್ಡು ಕಟ್ಟಿದೆ.

ಟಂಡ್ರಾದಲ್ಲಿ ಕನಿಷ್ಠ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಮ್ಯಾನಿಟೋಬಾದ ರಾಜಧಾನಿ ವಿನ್ನಿಪೆಗ್‌ನಿಂದ ಬೆಳಿಗ್ಗೆ ಹಾರಿ ರಾತ್ರಿ ಮರಳುವ ಒಂದು ದಿನದ ಪ್ರವಾಸವೂ ಇದೆ. ಅಷ್ಟು ದೂರ ಹೋಗಿ, ಆ ದಿನವೇ ಹಿಮಗಾಳಿ ಎದ್ದರೆ ನೋಡಿದ್ದು ಗಾಡಿಯ ಗಾಜು ಮಾತ್ರ ಆಗುತ್ತದೆ.

ದುಡ್ಡು, ಕಾಗದ

ವಿನ್ನಿಪೆಗ್‌ನಿಂದ ವಿನ್ನಿಪೆಗ್‌ಗೆ ಎಲ್ಲ ಸೇರಿದ ಪ್ಯಾಕೇಜ್‌ಗಳು ಐದಾರು ಸಾವಿರ ಕೆನಡಾ ಡಾಲರ್‌ನಿಂದ ಮೇಲೆ ಹೋಗುತ್ತವೆ. ನಾವು ಪ್ಯಾಕೇಜ್ ಬಿಟ್ಟು ಹೋಗುವಾಗ ರೈಲು, ಬರುವಾಗ ವಿಮಾನ, ಚಿಕ್ಕ ಗೆಸ್ಟ್‌ಹೌಸ್, ಟಂಡ್ರಾ ಗಾಡಿಯ ಟಿಕೆಟ್ ಬೇರೆ ಎಂದು ಬಿಡಿಬಿಡಿಯಾಗಿ ಮಾಡಿಕೊಂಡೆವು. ಖರ್ಚು ಇಳಿಯಿತು, ಓಡಾಟ ಹೆಚ್ಚಿತು. ಊರಲ್ಲಿ ಹೋಟೆಲ್ ಕಡಿಮೆ, ಒಂದು ವರ್ಷ ಮುಂಚೆಯೇ ತುಂಬುತ್ತವೆ. ಹಾಗಾಗಿ ಹಿಂದಿನ ವರ್ಷದ ದೀಪಾವಳಿ ಹೊತ್ತಿಗೇ ಶುರು ಮಾಡಿ. ಇಲ್ಲಿಂದ ವಿದೇಶಕ್ಕೆ ಹಣ ಕಳಿಸುವಾಗ, ವಿದೇಶ ಪ್ಯಾಕೇಜ್ ಕೊಳ್ಳುವಾಗ ಟಿಸಿಎಸ್ ಎಂದು ಮುಂಗಡ ತೆರಿಗೆ ಹಿಡಿಯುವುದುಂಟು. ಅದರ ರಸೀದಿ ಜೋಪಾನ ಮಾಡಿ, ಆದಾಯ ತೆರಿಗೆ ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಬರುತ್ತದೆ.

ಪಾಸ್‌ಪೋರ್ಟ್ ಕೆಲಸ ಕಲಬುರಗಿಯಲ್ಲೇ ಆಗುತ್ತದೆ. ಕೆನಡಾ ವೀಸಾ ಅರ್ಜಿ ಆನ್‌ಲೈನ್, ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೋಗೆ ಇನ್ನೂ 85. ಬೆರಳಚ್ಚು ಕೊಡಲು ನಮಗೆ ಹತ್ತಿರ ಹೈದರಾಬಾದ್. ಅಧಿಕಾರಿಗಳು ಮುಖ್ಯವಾಗಿ ನೋಡುವುದು ಎರಡು: ಖರ್ಚು ಮಾಡುವ ಶಕ್ತಿ ಇದೆಯಾ, ತಿರುಗಿ ಊರಿಗೆ ಬರಲು ಕಾರಣ ಇದೆಯಾ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ನೌಕರಿಯವರಾದರೆ ರಜೆ ಮಂಜೂರಾತಿ ಪತ್ರ, ನಿವೃತ್ತರಾದರೆ ಪಿಂಚಣಿ ಆದೇಶ. ಹೊಲ ಇದ್ದರೆ ಪಹಣಿಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ಪ್ರಮಾಣೀಕರಿಸಿ ಜೋಡಿಸಿ. ಎಲ್ಲಿಗೆ, ಯಾಕೆ, ಯಾವ ದಿನಗಳಲ್ಲಿ ಎಂದು ಒಂದು ಪುಟದ ಪತ್ರವನ್ನು ನೀವೇ ಬರೆಯಿರಿ. ಸೈಬರ್ ಸೆಂಟರ್‌ನಲ್ಲಿ ಸಿಗುವ ಸಿದ್ಧ ಪತ್ರ ಬೇಡ. ಐದು ತಿಂಗಳು ಮುಂಚೆ ಅರ್ಜಿ ಹಾಕಿದರೆ ನೆಮ್ಮದಿ.

ಅಮೆರಿಕದ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡರೆ ಮುಟ್ಟಬೇಡಿ. ಅಲ್ಲಿ ವಿಮಾನ ಬದಲಿಸುವುದಕ್ಕೂ ಆ ದೇಶದ ವೀಸಾ ಬೇಕು. ಪ್ರವಾಸ ವಿಮೆಯಲ್ಲಿ ತುರ್ತಾಗಿ ರೋಗಿಯನ್ನು ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ ನೋಡಿ. ಚರ್ಚಿಲ್‌ನಲ್ಲಿರುವುದು ಚಿಕ್ಕ ಆಸ್ಪತ್ರೆ, ದೊಡ್ಡ ಕಾಯಿಲೆ ಎಂದರೆ ವಿನ್ನಿಪೆಗ್‌ಗೇ ಹಾರಬೇಕು.

ದಾರಿ

ಕಲಬುರಗಿಯಿಂದ ರೈಲಿನಲ್ಲಿ ಹೈದರಾಬಾದ್, ಅಲ್ಲಿಂದ ವಿಮಾನದಲ್ಲಿ ಟೊರಾಂಟೊ, ಆಮೇಲೆ ವಿನ್ನಿಪೆಗ್. ಬೀದರ್, ಯಾದಗಿರಿಯವರಿಗೂ ಹೈದರಾಬಾದೇ ಹತ್ತಿರ. ವಿನ್ನಿಪೆಗ್‌ನಲ್ಲಿ ಒಂದು ದಿನ ನಿಲ್ಲಿ. ಅಲ್ಲಿನ ಅಸಿನಿಬೋಯಿನ್ ಪಾರ್ಕ್ ಮೃಗಾಲಯದಲ್ಲಿ ತಾಯಿ ಕಳೆದುಕೊಂಡ ಹಿಮಕರಡಿ ಮರಿಗಳನ್ನು ಸಾಕುತ್ತಾರೆ. ಕರಡಿ ತಲೆ ಹೇಗೆ ತಿರುಗಿಸುತ್ತದೆ, ಮೂಗು ಹೇಗೆ ಎತ್ತುತ್ತದೆ ಎಂದು ಹತ್ತಿರದಿಂದ ನೋಡಿಕೊಂಡರೆ ಮುಂದೆ ಟಂಡ್ರಾದಲ್ಲಿ ಕಣ್ಣಿಗೆ ಬೇಗ ಸಿಗುತ್ತದೆ.

ಚರ್ಚಿಲ್‌ಗೆ ರಸ್ತೆಯೇ ಇಲ್ಲ. ವಿನ್ನಿಪೆಗ್‌ನಿಂದ ವಿಮಾನದಲ್ಲಿ ಎರಡೂವರೆ ತಾಸಿನ ಆಸುಪಾಸು, ರೈಲಿನಲ್ಲಿ ಸುಮಾರು 1,700 ಕಿ.ಮೀ., ಎರಡು ರಾತ್ರಿ. 2017ರಲ್ಲಿ ಪ್ರವಾಹಕ್ಕೆ ಹಳಿ ಕೊಚ್ಚಿಹೋಗಿ ಒಂದೂವರೆ ವರ್ಷ ಈ ರೈಲೇ ನಿಂತಿತ್ತು. ಈಗಲೂ ಜೌಗು ನೆಲದ ಮೇಲೆ ಮೆಲ್ಲಗೆ ಹೋಗುತ್ತದೆ, ತಾಸುಗಟ್ಟಲೆ ತಡವಾಗುವುದು ಮಾಮೂಲು. ರೈಲು ಮುಟ್ಟುವ ದಿನವೇ ಟಂಡ್ರಾ ಟಿಕೆಟ್ ಇಟ್ಟುಕೊಳ್ಳಬೇಡಿ. ಆದರೂ ಒಂದು ಕಡೆಗಾದರೂ ರೈಲು ಹಿಡಿಯಿರಿ ಎನ್ನುತ್ತೇನೆ. ಎರಡನೆಯ ದಿನ ಕಿಟಕಿಯಾಚೆ ಮರಗಳು ಗಿಡ್ಡವಾಗುತ್ತ ಬರುತ್ತವೆ. ಕೊನೆಗೆ ಸ್ಪ್ರೂಸ್ ಮರಗಳಿಗೆ ಒಂದೇ ಕಡೆ ಕೊಂಬೆ, ಗಾಳಿ ಬೀಸುವ ಕಡೆ ಬೋಳು. ಯಾವ ಗಾಳಿಗೆ ಹೊರಟಿದ್ದೀರಿ ಎಂಬುದು ಆ ಮರ ನೋಡಿದಾಗ ಅರ್ಥವಾಗುತ್ತದೆ.

ರೈಲಿನಲ್ಲಿ ಸಸ್ಯಾಹಾರ ಕಡಿಮೆ. ಖಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಒಯ್ದಿದ್ದೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಪೊಟ್ಟಣ ಬೇರೆ. ಕೆನಡಾ ವಿಮಾನ ನಿಲ್ದಾಣದಲ್ಲಿ ತಿನಿಸು ಏನಿದ್ದರೂ ಘೋಷಿಸಲೇಬೇಕು, ಮುಚ್ಚಿಟ್ಟರೆ ದಂಡ. ಹಾಲಿನಿಂದ ಮಾಡಿದ್ದನ್ನು ಮನೆಯಲ್ಲೇ ಬಿಡಿ.

ಮೈಮೇಲೆ ಏನಿರಬೇಕು

ನಮ್ಮದು ಮೇ ತಿಂಗಳಲ್ಲಿ 43 ಡಿಗ್ರಿ ಕಾಣುವ ಊರು. ನವೆಂಬರ್ ನಡುವಿನ ಚರ್ಚಿಲ್‌ನಲ್ಲಿ ಸೊನ್ನೆಗಿಂತ 10ರಿಂದ 20 ಡಿಗ್ರಿ ಕೆಳಗೆ, ಗಾಳಿ ಸೇರಿದರೆ ಮೈಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನಂತೆ ಹತ್ತುತ್ತದೆ. ಒಂದೇ ದಪ್ಪ ಕೋಟಿನಿಂದ ಇದು ಆಗುವ ಕೆಲಸವಲ್ಲ, ಪದರ ಪದರವಾಗಿ ಹಾಕಬೇಕು. ಮೈಗೆ ಅಂಟಿ ತೆಳು ಉಣ್ಣೆಯ ಒಳಉಡುಪು, ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಪಾರ್ಕಾ. ಹತ್ತಿಬಟ್ಟೆಯ ಬನಿಯನ್ ಬೇಡ, ಬೆವರು ಹೀರಿ ತಣ್ಣಗಾಗಿ ಮೈ ನಡುಗಿಸುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಕಂಬಳಿ ಹೊದ್ದು ಮಳೆಯಲ್ಲಿ ಕುರಿ ಕಾಯುವ ನಮ್ಮ ಕುರುಬರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಪಾರ್ಕಾ ಮತ್ತು ಹಿಮದ ಬೂಟು ಕೊಳ್ಳಲು ಹೋಗಬೇಡಿ, ತುಟ್ಟಿ. ಊರಿಗೆ ಮರಳಿ ಬಂದ ಮೇಲೆ ಅವುಗಳಿಂದ ಉಪಯೋಗವೂ ಇಲ್ಲ. ಅಲ್ಲೇ ಬಾಡಿಗೆಗೆ ಸಿಗುತ್ತವೆ. ಬೂಟು ಒಂದು ಸೈಜ್ ದೊಡ್ಡದಿರಲಿ, ಬೆರಳು ಆಡಬೇಕು. ಕೈಗೆ ತೆಳು ಗ್ಲೌಸ್, ಅದರ ಮೇಲೆ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಮಿಟನ್. ಕ್ಯಾಮೆರಾದ ಗುಂಡಿ ಒತ್ತುವಾಗ ಮಿಟನ್ ಮಾತ್ರ ತೆಗೆಯಿರಿ. ಕನ್ನಡಕದವರು ಮೂಗಿನ ಮೇಲೆ ಮಫ್ಲರ್ ಏರಿಸಿದರೆ ಉಸಿರಿಗೆ ಗಾಜು ಮಂಜಾಗುತ್ತದೆ, ಮೂಗಿನ ಕೆಳಗೇ ಕಟ್ಟಿಕೊಳ್ಳಿ. ಬ್ಯಾಟರಿ ಥಂಡಿಗೆ ಬೇಗ ಸಾಯುತ್ತದೆ, ಎರಡು ಮೂರು ಹೆಚ್ಚಿಗೆ ಒಯ್ದು ಒಳಜೇಬಿನಲ್ಲಿ ಮೈಕಾವಿಗೆ ಇಟ್ಟುಕೊಳ್ಳಿ. ಹೊರಗಿನಿಂದ ಬೆಚ್ಚನೆಯ ಕೋಣೆಗೆ ಬರುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ. ಇಲ್ಲದಿದ್ದರೆ ಲೆನ್ಸ್ ಒಳಗೆ ನೀರು ಕೂರುತ್ತದೆ.

ಹೋಗುವ ಮುಂಚೆ ಕಣ್ಣಿಗೂ ಒಂದಿಷ್ಟು ತಾಲೀಮು ಬೇಕು. ಹಿಮಕರಡಿ ಹಾಲಿನಂತೆ ಬಿಳಿ ಅಲ್ಲ, ಬೆಣ್ಣೆಯ ಬಣ್ಣ. ಹಿಮದ ನಡುವೆ ಬೆಣ್ಣೆ ಮುದ್ದೆ ಹುಡುಕುವುದು ಸುಲಭವಲ್ಲ. ನಾನು ಅಭ್ಯಾಸ ಮಾಡಿದ್ದು ಬೀದರ್ ಕಡೆಯ ಬಯಲಿನಲ್ಲಿ. ಜೋಳ ಕೊಯ್ದ ಹೊಲದ ಕೂಳೆಯ ನಡುವೆ ಹೆಣ್ಣು ಕೃಷ್ಣಮೃಗ ನಿಂತರೆ ಅದೇ ಬಣ್ಣದಲ್ಲಿ ಕರಗಿಹೋಗಿರುತ್ತದೆ. ದುರ್ಬೀನಿನಲ್ಲಿ ಎಡದಿಂದ ಬಲಕ್ಕೆ, ಸಾಲು ಹಿಡಿದು ಓದುವಂತೆ, ನಿಧಾನ ನೋಡುತ್ತ ಬರಬೇಕು. ಚಿಂಚೋಳಿ ವನ್ಯಜೀವಿಧಾಮದಲ್ಲೂ ಒಂದೆರಡು ಬೆಳಗು ಹೀಗೆ ಕೂತಿದ್ದೆ. ಆ ಅಭ್ಯಾಸ ಅಲ್ಲಿ ಕೈಹಿಡಿಯಿತು. ಆದರೂ ನಮ್ಮ ಗಾಡಿಯವರಲ್ಲಿ ಮೊದಲ ಕರಡಿಯನ್ನು ಕಂಡವಳು ನನ್ನ ತಂಗಿಯ ಮಗಳು.

ಊರೊಳಗೆ

ಚರ್ಚಿಲ್ ಊರು ಕರಡಿಗಳ ದಾರಿಯಲ್ಲೇ ಇದೆ. ಕರಡಿಯ ಎಚ್ಚರಿಕೆ ಫಲಕ ಇರುವ ಕಡೆ ಕಾಲಿಡಬೇಡಿ. ಕಡಲ ಬಂಡೆಗಳ ಹಿಂದೆ ಕರಡಿ ಮಲಗಿದ್ದರೆ ಹತ್ತು ಹೆಜ್ಜೆಯವರೆಗೂ ಗೊತ್ತಾಗುವುದಿಲ್ಲ. ರಾತ್ರಿ ಹತ್ತಕ್ಕೆ ಸೈರನ್ ಆಗುತ್ತದೆ, ಆಮೇಲೆ ನಡೆದು ತಿರುಗುವುದು ಬೇಡ. ರಾತ್ರಿ ಆಕಾಶದಲ್ಲಿ ಆಡುವ ಉತ್ತರದ ಬೆಳಕು (ಅರೋರಾ) ನೋಡಬೇಕೆಂದರೂ ಗಾಡಿಯಲ್ಲಿ, ಗೈಡ್ ಜೊತೆ. ಅಪಾಯ ಕಂಡರೆ ಓಡಿ ಒಳಹೋಗಲು ಅನುಕೂಲವಾಗಲೆಂದು ಅನೇಕರು ಕಾರು, ಮನೆ ಬಾಗಿಲಿಗೆ ಬೀಗ ಹಾಕುವುದಿಲ್ಲ.

ಊರ ಹತ್ತಿರ ಬಂದ ಕರಡಿಯನ್ನು ಬೋನಿನಲ್ಲಿ ಹಿಡಿದು ಹಳೆಯ ಸೈನಿಕ ಕಟ್ಟಡವೊಂದರಲ್ಲಿ ಇಡುತ್ತಾರೆ. ಜನ ಅದನ್ನು ಕರಡಿ ಜೈಲು ಎನ್ನುತ್ತಾರೆ. ಅಲ್ಲಿ ನೀರು ಕೊಡುತ್ತಾರೆ, ಊಟ ಕೊಡುವುದಿಲ್ಲ. ನನಗೆ ಮೊದಲು ಕೇಳಿ ಸಂಕಟವಾಯಿತು. ಊರೆಂದರೆ ಅನ್ನ ಸಿಗುವ ಜಾಗ ಎಂದು ಕರಡಿಗೆ ತಿಳಿದರೆ ಅದು ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಗುಂಡಿಗೆ ಬಲಿಯಾಗುತ್ತದೆ ಎಂದು ಗೈಡ್ ಹೇಳಿದ ಮೇಲೆ ಒಪ್ಪಿದೆ. ಆಮೇಲೆ ಹೆಲಿಕಾಪ್ಟರ್‌ನಲ್ಲಿ ಎತ್ತಿ ಉತ್ತರಕ್ಕೆ ಬಿಡುತ್ತಾರೆ. ಈ ಊರಲ್ಲಿ ಕರಡಿಯಿಂದ ಮನುಷ್ಯ ಸತ್ತದ್ದು ಕೊನೆಯ ಬಾರಿ 1983ರಲ್ಲಿ.

ಗಾಡಿಯೊಳಗೆ

ಟಂಡ್ರಾ ಬಗ್ಗಿ ಎನ್ನುವ ಆ ದೊಡ್ಡ ಗಾಡಿಯ ಚಕ್ರ ಹೆಚ್ಚುಕಡಿಮೆ ನನ್ನ ಎತ್ತರ. ಎತ್ತರದ ಕಟ್ಟೆಯಿಂದ ನೇರ ಒಳಗೆ ಕಾಲಿಡುವಂತಿರುವುದರಿಂದ ಮೊಣಕಾಲು ನೋವಿನವರೂ ಹತ್ತಬಹುದು. ಒಳಗೆ ಹೀಟರ್, ಶೌಚಾಲಯ, ಇಳಿಸಬಹುದಾದ ಕಿಟಕಿ, ಹಿಂದುಗಡೆ ತೆರೆದ ಜಗುಲಿ. ಜಗುಲಿಯ ನೆಲ ಕಬ್ಬಿಣದ ಜಾಲರಿ. ಮಧ್ಯಾಹ್ನಕ್ಕೆ ಸೂಪ್, ಸ್ಯಾಂಡ್‌ವಿಚ್ ಕೊಡುತ್ತಾರೆ. ಸಸ್ಯಾಹಾರಿ ಎಂದು ಬುಕ್ ಮಾಡುವಾಗಲೇ ಬರೆಸಿ. ನಿಮ್ಮ ಹಿಂಡಿ ಪೊಟ್ಟಣ ಕಿಟಕಿಯ ಹತ್ತಿರ ಬಿಚ್ಚಬೇಡಿ. ಕಿಲೋಮೀಟರುಗಟ್ಟಲೆ ದೂರದ ವಾಸನೆ ಹಿಡಿಯುವ ಮೂಗು ಅದು. ಹೊರಗೆ ಒಂದು ತುಣುಕೂ ಬೀಳಬಾರದು. ಕೈ, ಕ್ಯಾಮೆರಾ ಕಿಟಕಿಯಾಚೆ ಚಾಚಬಾರದು. ಚಾಲಕರಿಗೆ "ಇನ್ನಷ್ಟು ಮುಂದೆ ಹೋಗಿ" ಎಂದು ಒತ್ತಾಯ ಮಾಡಬೇಡಿ. ಗಂಡು ಕರಡಿಯೊಂದು 400ರಿಂದ 600 ಕಿಲೋ ತೂಗುತ್ತದೆ, ತಿಂಗಳುಗಳಿಂದ ಉಂಡಿಲ್ಲ. ನಿಮ್ಮಿಂದ ಅದು ಎದ್ದು ಓಡಿದರೆ ಉಳಿದ ಕೊಬ್ಬಿನಲ್ಲೂ ಒಂದಿಷ್ಟು ಸುಟ್ಟುಹೋಯಿತು ಎಂದೇ ಲೆಕ್ಕ.

ಎರಡನೆಯ ದಿನ ವಿಲೋ ಪೊದೆಯ ಮರೆಯಲ್ಲಿ ಗಂಡೊಂದು ಮುಂಗಾಲಿನ ಮೇಲೆ ಗದ್ದ ಇಟ್ಟು ಮಲಗಿತ್ತು. ಅಕ್ಕಪಕ್ಕದ ಎರಡು ಗಾಡಿಗಳು ಅರ್ಧ ತಾಸು ನೋಡಿ ಹೊರಟುಹೋದವು. ನಮ್ಮ ಗೈಡ್ ಹುಡುಗಿ ಗಡಿಯಾರ ನೋಡಲಿಲ್ಲ, ಎಂಜಿನ್ ಆಫ್ ಮಾಡಿಸಿ ಕೂತಳು. ಎರಡು ತಾಸು. ಯಾರೋ ನಿದ್ದೆ ಹೋದರು. ಆಮೇಲೆ ಕರಡಿ ಎದ್ದು ಮೈ ಕೊಡವಿತು. ಬಲಗಡೆಯಿಂದ ಇನ್ನೊಂದು ಗಂಡು ಬಂತು. ಎರಡೂ ಹಿಂಗಾಲ ಮೇಲೆ ನಿಂತು, ಭುಜಕ್ಕೆ ಭುಜ ಕೊಟ್ಟು, ನಮ್ಮ ಜಾತ್ರೆಯ ಕುಸ್ತಿ ಜಟ್ಟಿಗಳ ಹಾಗೆ ತಳ್ಳಾಡಿದವು. ಕೆಳಗೆ ಬಿದ್ದದ್ದು ಕಾಲು ಮೇಲೆತ್ತಿ ಹೊರಳಿ ಮತ್ತೆ ಎದ್ದಿತು. ಇದು ನಿಜದ ಕಾಳಗವಲ್ಲ. ವಸಂತದಲ್ಲಿ ಹೆಣ್ಣಿಗಾಗಿ ನಡೆಯುವ ನಿಜದ ಕಾಳಗಕ್ಕೆ ಈಗಲೇ ತಾಲೀಮು.

ಆಟ ಮುಗಿಸಿ ಮೊದಲಿನದು ನಮ್ಮ ಗಾಡಿಯ ಕಡೆ ಬಂತು. ಗೈಡ್ ಅಂಗೈ ಕೆಳಗೆ ಮಾಡಿ ತೋರಿಸಿದಳು, ಯಾರೂ ಉಸಿರೆತ್ತಲಿಲ್ಲ. ಹಿಮದ ಮೇಲೆ ಪಾದ ಊರುವ ಸದ್ದು, ಅವಲಕ್ಕಿ ತುಳಿದ ಹಾಗೆ ಚರಕ್ ಚರಕ್. ನಾನು ಜಗುಲಿಯಲ್ಲಿ ನಿಂತಿದ್ದೆ. ಕರಡಿ ಜಾಲರಿಯ ಕೆಳಗೇ ಬಂದು ಮೂಗೆತ್ತಿತು. ಕಪ್ಪು ಮೂಗು ಒದ್ದೆಯಾಗಿತ್ತು, ನಾಲಗೆ ನೇರಳೆ ಹಣ್ಣು ತಿಂದಂತೆ ಕರಿನೀಲಿ, ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಗೆರೆಯ ಜಾಗದಲ್ಲಿ ಕೂದಲಿಲ್ಲದೆ ಚರ್ಮ ಕಾಣುತ್ತಿತ್ತು, ಕರಿ ಚರ್ಮ. ಹಿಮಕರಡಿಯ ಚರ್ಮ ಕಪ್ಪು ಎಂದು ಮಕ್ಕಳಿಗೆ ಎಷ್ಟೋ ವರ್ಷ ಹೇಳಿದ್ದೆ, ನೋಡಿದ್ದು ಅಂದೇ. ಅದು ಬಿಟ್ಟ ಉಸಿರು ಜಾಲರಿಯ ಮೂಲಕ ಆವಿಯಾಗಿ ಮೇಲೆ ಬಂತು. ಫೋಟೋ ತೆಗೆಯುವುದು ನೆನಪಾಗಲಿಲ್ಲ.

ಸಂಜೆ ಗೈಡ್ ಹೇಳಿದ ಲೆಕ್ಕ ಇದು: ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 2016ರ ಅಂದಾಜಿಗೆ 842 ಕರಡಿ ಇದ್ದವು, 2021ರಲ್ಲಿ 618. 1980ರ ದಶಕದಲ್ಲಿ 1,200ರ ಆಸುಪಾಸು. ಮಂಜು ಬೇಗ ಕರಗಿ ತಡವಾಗಿ ಕಟ್ಟುವುದರಿಂದ ಉಪವಾಸದ ದಿನಗಳು ಆಗಿನದಕ್ಕಿಂತ ಈಗ ಮೂರು ವಾರಕ್ಕೂ ಹೆಚ್ಚು ಬೆಳೆದಿವೆ. ನಾನು ಅಷ್ಟು ದೂರ ವಿಮಾನದಲ್ಲಿ ಹೋದದ್ದೂ ಆ ಬಿಸಿಗೆ ಸೇರುತ್ತದೆ, ಅದು ನನಗೆ ಗೊತ್ತು. ಅದಕ್ಕೇ ಹೇಳುತ್ತೇನೆ, ಹೋಗುವುದಾದರೆ ಒಂದೇ ಸಲ ಹೋಗಿ, ಹೆಚ್ಚು ದಿನ ಇದ್ದು ಬನ್ನಿ. ಹೋಗಲು ಆಗದವರಿಗೆ ಅಕ್ಟೋಬರ್, ನವೆಂಬರಿನಲ್ಲಿ ಅದೇ ಟಂಡ್ರಾದಿಂದ ನೇರ ಪ್ರಸಾರದ ಕ್ಯಾಮೆರಾ ಅಂತರ್ಜಾಲದಲ್ಲಿ ಪುಕ್ಕಟೆ ಇದೆ. ಅಲ್ಲಿನ ಹಗಲು ನಮಗೆ ರಾತ್ರಿ. ರಾತ್ರಿ ಊಟ ಮುಗಿಸಿ ಕೂತರೆ ಸರಿಹೊಂದುತ್ತದೆ. ಈಗ ಅವ್ವನೂ ನೋಡುತ್ತಾಳೆ.

ಕೊನೆಯ ದಿನದ ಟಿಕೆಟ್ ಸಾಧ್ಯವಾದಷ್ಟು ದಂಡೆಯ ಕಡೆ ಹೋಗುವ ಗಾಡಿಗೆ ತೆಗೆದುಕೊಳ್ಳಿ. ನವೆಂಬರ್ ನಡುವಿಗೆ ನಾಲ್ಕು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಮೂರರ ಮೇಲಿನ ಬೆಳಕು ಒಳ್ಳೆಯದು. ನಮಗೆ ಅಂದು ಕಂಡದ್ದು ಒಂದೇ ಕರಡಿ, ಹೆಣ್ಣು. ದಂಡೆಗೆ ಅಂಟಿ ಅಂದಷ್ಟೇ ಕಟ್ಟಿದ ಬೂದು ಮಂಜಿನ ಮೇಲೆ ಮುಂಗಾಲು ಇಟ್ಟಿತು, ತೆಗೆಯಿತು. ಮತ್ತೆ ಇಟ್ಟು, ನಾಲ್ಕೂ ಕಾಲು ಅಗಲಿಸಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ನಾಲ್ಕು ಮಾರು ಸರಿಯಿತು. ಮಂಜು ಬಿರುಕು ಬಿಟ್ಟ ಸದ್ದು ನಮಗೂ ಕೇಳಿತು. ಅದು ಹಿಂದೆ ಬಂದು, ದಂಡೆಯ ಕಡಲಪಾಚಿಯ ಮೇಲೆ ಕಡಲಿಗೆ ಮುಖ ಮಾಡಿ ಮಲಗಿತು.